ತೊಂದರೆಯೇ ಇಲ್ಲದ ಕಾಲು

ನಮ್ಮನೆಯವರ ಕೈಗೆ ಆಸ್ಪತ್ರೆಯ ಯಾವ ಫಾರಂ ಕೊಟ್ಟರೂ ಅದು ಅರೆಗಳಿಗೆಯಲ್ಲಿ ತುಂಬಿ ವಾಪಸ್ಸು ಬರುತ್ತದೆ. ಪ್ರಶ್ನೆ ಏನೇ ಇರಲಿ, ಉತ್ತರ ಒಂದೇ: ಏನೂ ತೊಂದರೆ ಇಲ್ಲ. ಇದು ಅವರ ಹುಟ್ಟುಗುಣ ಎಂದು ಮದುವೆಯಾದ ಹೊಸದರಲ್ಲಿ ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಇದು ಕಾರ್ಖಾನೆ ಕಲಿಸಿದ ಬುದ್ಧಿ.

ತುಮಕೂರು ರಸ್ತೆಯ ಕಡೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅವರು ಸರ್ವೀಸ್ ಪೂರ್ತಿ ಲೇತ್ ಮೆಷಿನ್ ಮುಂದೆ ನಿಂತವರು. ಅಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಮೆಡಿಕಲ್ ಚೆಕಪ್ಪು ಆಗುತ್ತಿತ್ತು. ಮಂಡಿ ನೋವು, ಸೊಂಟ ನೋವು ಎಂದು ಬಾಯಿಬಿಟ್ಟವನ ಕೈಗೆ ‘ಲೈಟ್ ಡ್ಯೂಟಿ’ ಚೀಟಿ ಬರುತ್ತಿತ್ತು. ಚೀಟಿ ಬಂತೆಂದರೆ ಮೆಷಿನ್ ಬಿಟ್ಟು ಸ್ಟೋರ್ಸಿನಲ್ಲಿ ಕೂರಬೇಕು, ಓವರ್‌ಟೈಮ್ ಇಲ್ಲ, ಮೇಲಾಗಿ ಕ್ಯಾಂಟೀನಿನಲ್ಲಿ ‘ಬಾರಮ್ಮ ಬಾಣಂತಿ, ಬಿಸಿನೀರು ಕಾಯಿಸಲಾ’ ಎಂಬ ತಮಾಷೆ ಬೇರೆ. ಹಾಗಾಗಿ ಹೊಸದಾಗಿ ಸೇರಿದ ಹುಡುಗರಿಗೆ ಹಳಬರು ಮೆಷಿನ್ ಆನ್ ಮಾಡುವುದನ್ನು ತೋರಿಸುವ ಮುಂಚೆಯೇ ಒಂದು ಮಾತು ಹೇಳಿಕೊಡುತ್ತಿದ್ದರಂತೆ. ಡಾಕ್ಟರು ಏನು ಕೇಳಿದರೂ ಏನೂ ಇಲ್ಲ ಸಾರ್ ಎನ್ನಬೇಕು, ಎದೆ ಉಬ್ಬಿಸಿ ಎನ್ನಬೇಕು. ನಮ್ಮವರು ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ ಒಮ್ಮೆ ಹೆಬ್ಬೆರಳು ಜಜ್ಜಿಹೋಗಿ ಬ್ಯಾಂಡೇಜ್ ಸುತ್ತಿಕೊಂಡೇ ಹೋಗಿ ‘ಏನೂ ಇಲ್ಲ ಸಾರ್’ ಎಂದು ಬಂದಿದ್ದರು. ರಿಟೈರ್ ಆಗುವವರೆಗೂ ಒಂದು ದಿನವೂ ಲೈಟ್ ಡ್ಯೂಟಿ ಚೀಟಿ ಪಡೆಯದವನು ನಾನು ಎಂಬುದು ಅವರ ಹೆಮ್ಮೆ. ಬೀಳ್ಕೊಡುಗೆಯ ಶಾಲಿಗಿಂತ ಆ ಹೆಮ್ಮೆಯನ್ನೇ ಅವರು ಹೆಚ್ಚು ಹೊದ್ದುಕೊಂಡು ಓಡಾಡಿದ್ದಾರೆ.

ನಾನು ಬ್ಲೌಸ್ ಹೊಲಿಯುವವಳು. ದಾಸರಹಳ್ಳಿಯ ನಮ್ಮ ಮನೆಯ ಎರಡನೆಯ ಮಹಡಿಯಲ್ಲಿ ಕಿಟಕಿಯ ಪಕ್ಕ ನನ್ನ ಮೆಷಿನ್ ಇದೆ, ಕೆಳಗಿನ ಎರಡೂ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಅವರ ಮೆಷಿನ್ ಅಲ್ಲಿ, ನನ್ನ ಮೆಷಿನ್ ಇಲ್ಲಿ. ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು, ನೈಟು ಎಂದು ಅವರು ಮನೆಗೆ ಬರುವ ಹೊತ್ತಿಗೆ ನಾನು ಯಾರದೋ ಮದುವೆಯ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ, ನಾನು ಬಿಡುವಾಗುವ ಹೊತ್ತಿಗೆ ಅವರು ಗೊರಕೆ ಹೊಡೆಯುತ್ತಿದ್ದರು. ಇಬ್ಬರೂ ಒಟ್ಟಿಗೆ ರಸ್ತೆಯಲ್ಲಿ ಸುಮ್ಮನೆ ನಡೆದದ್ದೇ ಇಲ್ಲ. ನಡೆದರೆ ಅದು ಬಸ್ ಸ್ಟಾಪಿಗೆ, ಆಸ್ಪತ್ರೆಗೆ ಅಥವಾ ಯಾರದಾದರೂ ಗೃಹಪ್ರವೇಶಕ್ಕೆ. ‘ರಿಟೈರ್ ಆಗ್ಲಿ ತಡಿ, ದಿನಾ ಸಂಜೆ ವಾಕಿಂಗ್ ಹೋಗೋಣ’ ಎಂದು ಅವರೇ ಹೇಳಿದ್ದರು. ಬಾಯಿಮಾತಿಗೆ ಹೇಳಿದ್ದಲ್ಲ, ರಿಟೈರ್ ಆದ ಮರುದಿನವೇ ಕರೆದುಕೊಂಡು ಹೊರಟರು.

ಆ ಒಂದು ವರ್ಷದ ಸಂಜೆಗಳು ನನಗೆ ಬಹಳ ಖುಷಿ ಕೊಟ್ಟವು. ಮನೆಯಿಂದ ಹೊರಟು ದಿನಸಿ ಅಂಗಡಿಯ ತಿರುವು ದಾಟಿ ಕೆರೆಯ ಪಾರ್ಕಿನವರೆಗೆ ಹೋಗಿ ಬರುವುದು. ವಾಪಸ್ಸು ಬರುವಾಗ ತಳ್ಳುಗಾಡಿಯವನ ಹತ್ತಿರ ಮೆಣಸಿನಕಾಯಿ ಬಜ್ಜಿ. ಮಾತೆಲ್ಲ ನನ್ನದು, ಹೂಂಗುಟ್ಟುವುದು ಅವರದು. ಯಾರ ಮಗಳು ಯಾವ ಡಿಸೈನ್ ಕೇಳಿದಳು, ಯಾವ ಬೀಗಿತ್ತಿ ಎಷ್ಟು ದಪ್ಪಗಾಗಿದ್ದಾಳೆ, ಎಲ್ಲವನ್ನೂ ಹೇಳುತ್ತಿದ್ದೆ. ಮೂವತ್ತು ವರ್ಷ ಕೂಡಿಟ್ಟ ಮಾತು ಎಂದು ಅವರು ನಗುತ್ತಿದ್ದರು.

ಆಮೇಲೆ ಇದ್ದಕ್ಕಿದ್ದಂತೆ ವಾಕಿಂಗ್ ನಿಂತಿತು. ಒಂದು ಸಂಜೆ ಕ್ರಿಕೆಟ್ ಇದೆ ಎಂದರು. ಇನ್ನೊಂದು ಸಂಜೆ ಫುಟ್‌ಪಾತ್ ಅಗೆದಿದ್ದಾರೆ ಎಂದರು. ಧೂಳು, ಸೊಳ್ಳೆ, ಟ್ರಾಫಿಕ್ಕು, ಹೀಗೆ ದಿನಕ್ಕೊಂದು ನೆಪ. ಕೊನೆಗೆ ‘ನೀನು ಹೋಗ್ಬಾರೆ, ನಂಗೆ ಆ ಕೆರೆ ನೋಡಿ ನೋಡಿ ಸಾಕಾಗಿದೆ’ ಎಂದುಬಿಟ್ಟರು. ಸಾಕಾಗಿರುವುದು ಕೆರೆ ಅಲ್ಲ, ನಾನು, ಎಂದು ನನಗೆ ಅನ್ನಿಸಿತು. ನಾನೇನು ಸುಮ್ಮನಿರುವವಳಲ್ಲ. ಒಂದಿಷ್ಟು ದಿನ ಸೆಡವಿನಿಂದ ಒಬ್ಬಳೇ ಹೋದೆ. ಹೋದರೆ ಪಾರ್ಕಿನಲ್ಲಿ ಎಲ್ಲರೂ ಜೋಡಿ ಜೋಡಿಯಾಗಿಯೇ ಕಾಣುತ್ತಿದ್ದರು. ಅದನ್ನು ನೋಡಲಾಗದೆ ನಾನೂ ಬಿಟ್ಟೆ. ಮನೆಯಲ್ಲಿ ಅವರ ಜೊತೆ ಮಾತು ಕಮ್ಮಿ ಮಾಡಿದೆ. ನನ್ನ ಬಾಯಿಗೆ ಬೇಸತ್ತಿದ್ದಾರೆ ಎಂದಮೇಲೆ ಬಾಯಿ ಬಿಡುವುದೇಕೆ?

ಆ ದಿನಗಳಲ್ಲಿ ನಡೆದ ಒಂದೆರಡು ಸಂಗತಿ ನನ್ನ ಕಣ್ಣಿಗೆ ಬಿದ್ದಿದ್ದವು, ತಲೆಗೆ ಹೋಗಿರಲಿಲ್ಲ. ಬೆಳಿಗ್ಗೆ ಹಾಲಿಗೆ ಹೋದವರು ಬಹಳ ಹೊತ್ತು ಬರುತ್ತಿರಲಿಲ್ಲ. ಹಾಲಿನ ಬೂತಿನ ಮುಂದೆ ಹರಟೆ ಹೊಡೆಯಲು ಟೈಮಿದೆ, ಹೆಂಡತಿ ಜೊತೆ ನಡೆಯಲು ಟೈಮಿಲ್ಲ ಎಂದು ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ನಮ್ಮ ಕೆಳಗಿನ ಮನೆಯಲ್ಲಿ ಬಾಗಲಕೋಟೆ ಕಡೆಯ ಸಂಸಾರವೊಂದಿದೆ. ಆ ಮನೆಯಾಕೆ ಗಾರ್ಮೆಂಟ್ಸಿಗೆ ಹೋಗುವಾಗ ಒಂದು ದಿನ ನನ್ನನ್ನು ನಿಲ್ಲಿಸಿ ಕೇಳಿದ್ದಳು. “ಅಮ್ಮಾರ, ಕಾಕಾರು ಹಾಲಿನ ಅಂಗಡಿ ಕಟ್ಟಿ ಮ್ಯಾಲ ಬಗ್ಗಿ ಕುಂತಿದ್ರು. ಆರಾಮ ಅದಾರಿಲ್ರೀ?” ಆರಾಮಾಗಿದ್ದಾರಮ್ಮ, ಪೇಪರ್ ಓದುತ್ತಿರಬೇಕು ಎಂದೆ. ಇನ್ನೊಂದು, ದಿನಸಿ ತರಲು ಅವರು ಮೆಟ್ರೋ ಸ್ಟೇಷನ್ನಿನ ಹತ್ತಿರದ ದೊಡ್ಡ ಸೂಪರ್‌ಮಾರ್ಕೆಟ್ಟಿಗೇ ಹೋಗಬೇಕು ಎಂದು ಹಟ ಹಿಡಿಯುತ್ತಿದ್ದರು. ಅಲ್ಲಿಗೆ ನನ್ನನ್ನೂ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ಟ್ರಾಲಿ ಹಿಡಿದುಕೊಂಡು, ಬೇಕಿರಲಿ ಬೇಡದಿರಲಿ ಎಲ್ಲ ಸಾಲುಗಳಲ್ಲೂ ಸುತ್ತುತ್ತಿದ್ದರು. ಎಸಿ ಗಾಳಿಗೆ ಮರುಳಾಗಿದ್ದಾರೆ ಎಂದುಕೊಂಡೆ.

ಹೀಗಿರುವಾಗ ಒಂದು ಮಧ್ಯಾಹ್ನ ನೆಂಟರ ಮನೆಯಿಂದ ಮೆಟ್ರೋದಲ್ಲಿ ವಾಪಸ್ಸು ಬಂದು ಸ್ಟೇಷನ್ನಿನ ಮೆಟ್ಟಿಲು ಇಳಿಯುತ್ತಿದ್ದೆವು. ಅರ್ಧ ಇಳಿಯುವಷ್ಟರಲ್ಲಿ ಇವರು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹಾಗೆಯೇ ಮೆಟ್ಟಿಲ ಮೇಲೆ ಕುಸಿದರು. ಜನ ಸೇರಿದರು. ಯಾರೋ ನೀರು ಕೊಟ್ಟರು. ಇವರು ಎಲ್ಲರಿಗೂ ಏನೂ ಇಲ್ಲ, ಮೆಟ್ಟಿಲು ಜಾರಿತು ಎಂದು ಸಮಾಧಾನ ಹೇಳುತ್ತಿದ್ದರು. ಮೆಟ್ಟಿಲು ಒಣಗಿತ್ತು. ನಾನು ಮರುದಿನವೇ ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ಎರಡೂ ಮಂಡಿ ಸವೆದಿವೆ, ಮುಂದೆ ಆಪರೇಷನ್ ಬೇಕಾಗಬಹುದು, ಮೊದಲು ಫಿಸಿಯೋಥೆರಪಿ ವಿಭಾಗದಲ್ಲಿ ತೋರಿಸಿ ಬನ್ನಿ ಎಂದರು.

ಆಪರೇಷನ್ ಎಂಬ ಮಾತು ಕೇಳಿ ಇವರ ಮುಖ ಬಿಳಿಚಿಕೊಂಡಿತು. ಕಾರ್ಖಾನೆಯ ಗೆಳೆಯರೊಬ್ಬರು ಮಂಡಿ ಆಪರೇಷನ್ ಮಾಡಿಸಿಕೊಂಡು ಚೆನ್ನಾಗಿಯೇ ಓಡಾಡುತ್ತಿದ್ದಾರೆ, ಆದರೂ ಹೆದರಿಕೆ ಹೆದರಿಕೆಯೇ. ನನ್ನ ತಳಮಳವೇ ಬೇರೆ. ಇವರ ಕಾಲು ಹೋಗಿದೆಯೋ, ನನ್ನ ಮೇಲಿನ ಮನಸ್ಸು ಹೋಗಿದೆಯೋ? ಕಾಲು ಎಂದರೆ ಆಪರೇಷನ್ನು. ಮನಸ್ಸು ಎಂದರೆ ಅದಕ್ಕೆ ಯಾವ ಡಾಕ್ಟರೂ ಇಲ್ಲ. ಯಾವುದಾಗಿರಲಿ ಎಂದು ಬೇಡಿಕೊಳ್ಳಬೇಕೋ ನನಗೇ ತಿಳಿಯಲಿಲ್ಲ.

ಫಿಸಿಯೋಥೆರಪಿ ವಿಭಾಗದಲ್ಲಿ ಒಬ್ಬ ಹುಡುಗಿ ಇದ್ದಳು, ಮದುವೆಯಾಗಿ ಹೋದ ನಮ್ಮ ಮಗಳ ವಯಸ್ಸಿನವಳು. ಒಳಗೆ ಕರೆಯುವ ಮುಂಚೆ ತುಂಬಿಸಿಡಿ ಎಂದು ಒಂದು ಫಾರಂ ಕೊಟ್ಟಳು. ಕನ್ನಡದಲ್ಲೇ ಇತ್ತು. ಸಮತಟ್ಟಾದ ರಸ್ತೆಯಲ್ಲಿ ಕಾಲು ಗಂಟೆ ನಡೆಯುವುದು, ಒಂದು ಮಹಡಿ ಹತ್ತಿ ಇಳಿಯುವುದು, ನಿಂತೇ ಇರುವುದು, ಬಗ್ಗಿ ನೆಲದ ಮೇಲಿನ ವಸ್ತು ಎತ್ತುವುದು, ದಿನಸಿ ಚೀಲ ಹೊರುವುದು, ಸ್ನಾನ ಮಾಡುವುದು ಎಂದು ಒಂದರ ಕೆಳಗೊಂದು. ಪ್ರತಿಯೊಂದರ ಮುಂದೆ ಮೂರು ಚೌಕ: ತೊಂದರೆ ಇಲ್ಲ, ಸ್ವಲ್ಪ ತೊಂದರೆ, ಬಹಳ ತೊಂದರೆ. ಇವರು ಪೆನ್ನು ತೆಗೆದುಕೊಂಡವರೇ ಮೊದಲನೆಯ ಚೌಕಗಳಲ್ಲಿ ಮೇಲಿನಿಂದ ಕೆಳಗೆ ಸರಸರನೆ ಟಿಕ್ ಎಳೆದರು. ಸ್ನಾನಕ್ಕೂ ಅದೇ, ಮಹಡಿಗೂ ಅದೇ. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಫಾರಂ ಮುಗಿದಿತ್ತು.

ಹುಡುಗಿ ಅದನ್ನು ನೋಡಿದಳು, ಎಕ್ಸ್‌ರೇ ನೋಡಿದಳು, ಇವರ ಮುಖ ನೋಡಿದಳು. ಕುರ್ಚಿಯಿಂದ ಕೈಯೂರದೆ ಎದ್ದೇಳಿ ಎಂದಳು. ಇವರು ಠಣ್ಣನೆ ಎದ್ದರು. ಮಂಡಿ ಮಡಿಸಿ ಎಂದಳು, ಮಡಿಸಿದರು. ಒತ್ತಿ ನೋಡಿ ಇಲ್ಲಿ ನೋವೇ, ಅಲ್ಲಿ ನೋವೇ ಎಂದು ಕೇಳಿದಳು. ಇಲ್ಲಮ್ಮ ಎಂದರು, ಸುಳ್ಳು ಹೇಳಿದಂತೆ ಕಾಣಲಿಲ್ಲ. ಅವಳಿಗೂ ಗೊಂದಲವಾಯಿತೇನೋ, ಸ್ಟೂಲು ಎಳೆದುಕೊಂಡು ಇವರ ಎದುರು ಕೂತಳು.

“ಅಂಕಲ್, ಇದು ಕೆಲ್ಸಕ್ಕೆ ಸೇರಿಸ್ಕೊಳ್ಳೋ ಟೆಸ್ಟ್ ಅಲ್ಲ, ನೀವು ಪಾಸ್ ಆಗ್ಬೇಕಿಲ್ಲ. ನಿಮ್ಮ ಕೈಲಿ ಆಗತ್ತಾ ಅಂತ ಅಲ್ಲ ನಾವು ಕೇಳ್ತಿರೋದು. ದಿನಾ ಹೇಗೆ ಮಾಡ್ತೀರಿ ಅಂತ. ಕಂಬಿ ಹಿಡ್ಕೊಂಡು ಇಳಿದ್ರೆ ಅದನ್ನೂ ಹೇಳ್ಬೇಕು. ನಡುವೆ ಕೂತ್ರೆ ಅದನ್ನೂ. ಒಂದು ಕೆಲ್ಸ ಮಾಡೋದನ್ನೇ ಬಿಟ್ಟಿದ್ರೆ, ಯಾಕೆ ಬಿಟ್ರಿ ಅಂತ ಹೇಳ್ಬೇಕು.”

ಆಮೇಲೆ ಇನ್ನೊಂದು ಖಾಲಿ ಫಾರಂ ತೆಗೆದು ನನ್ನ ಕೈಗೆ ಕೊಟ್ಟು, ಆಂಟಿ, ನೀವು ಓದಿ, ಅವರು ಹೇಳಲಿ, ಅವಸರವಿಲ್ಲ ಎಂದಳು. ಆಂಟಿ ಎನ್ನಿಸಿಕೊಂಡರೆ ನನಗೆ ಮೈ ಉರಿಯುತ್ತದೆ. ಅವತ್ತು ಉರಿಯಲಿಲ್ಲ. ಅವಳು ಹೇಳಿದ ಮಾತು ನನಗೆ ಚೆನ್ನಾಗಿ ಅರ್ಥವಾಗಿತ್ತು. ನನ್ನ ಹತ್ತಿರ ಬರುವ ಹೆಂಗಸರೂ ಹಾಗೆಯೇ. ಅಳತೆ ತೆಗೆಯುತ್ತೇನೆ ಎಂದರೆ ಬೇಡ, ಹಳೇ ಬ್ಲೌಸಿನ ಅಳತೆಗೇ ಹೊಲಿಯಿರಿ ಎನ್ನುತ್ತಾರೆ. ಹಳೆಯ ಅಳತೆಗೆ ಹೊಲಿದುಕೊಟ್ಟರೆ ಮರುದಿನ ಕಂಕುಳು ಬಿಗಿಯಾಯಿತು ಎಂದು ಜಗಳಕ್ಕೆ ಬರುತ್ತಾರೆ. ಟೇಪು ಹಿಡಿಯುವುದು ಯಾರನ್ನೂ ಅವಮಾನ ಮಾಡಲಿಕ್ಕಲ್ಲ ಎಂದು ಎಷ್ಟು ಸಲ ಹೇಳಿದ್ದೇನೋ.

ಹೊರಗೆ ವರಾಂಡದ ಬೆಂಚಿನ ಮೇಲೆ ಕೂತೆವು. ಇವರು ಮುಖ ಊದಿಸಿಕೊಂಡಿದ್ದರು. ಬರೆದಿದ್ದನ್ನೇ ಮತ್ತೆ ಬರಿ ಅಂದರೆ ಏನರ್ಥ, ನಾನೇನು ಇಂಪೊಸಿಷನ್ ಬರೆಯೋ ಹುಡುಗನಾ ಎಂದು ಗೊಣಗಿದರು. ನಾನು ಕೇಳಿಸಿಕೊಳ್ಳದವಳಂತೆ ಓದತೊಡಗಿದೆ.

ಬಗ್ಗುವುದು ಎಂದೆ. ತೊಂದರೆ ಇಲ್ಲ ಎಂದರು. ಅದು ನಿಜವೇ, ಮಂಚದ ಕೆಳಗೆ ಚಪ್ಪಲಿ ಹುಡುಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ದಿನಸಿ ಚೀಲ ಎಂದೆ. ತೊಂದರೆ ಇಲ್ಲ. ಮಹಡಿ ಹತ್ತುವುದು, ಇಳಿಯುವುದು ಎಂದೆ. ದಿನಾ ಹತ್ತುತ್ತೀನಲ್ಲ, ನೀನೇ ನೋಡುತ್ತೀಯಲ್ಲ ಎಂದರು. ಇಳಿಯುವುದು ಹೇಗೆ ಎಂದು ಬಿಡದೆ ಕೇಳಿದೆ. ಹತ್ತುವಾಗ ಏನೂ ಅನ್ನಿಸುವುದಿಲ್ಲ, ಇಳಿಯುವಾಗ ಕಾಲು ನನ್ನದಲ್ಲ ಅನ್ನಿಸುತ್ತದೆ ಎಂದರು. ಫಾರಂನಲ್ಲಿ ಹತ್ತುವುದಕ್ಕೂ ಇಳಿಯುವುದಕ್ಕೂ ಒಂದೇ ಸಾಲು. ನಾನು ಪಕ್ಕದ ಖಾಲಿ ಜಾಗದಲ್ಲಿ ‘ಹತ್ತಲು ಸರಿ, ಇಳಿಯಲು ಕಷ್ಟ’ ಎಂದು ಬರೆದೆ. ನಿಂತೇ ಇರುವುದು ಎಂದೆ. ಕೆಲಸದ ಉದ್ದಕ್ಕೂ ನಿಂತವನಿಗೆ ಇದೆಂಥ ಪ್ರಶ್ನೆ ಎಂದರು. ಈಗ ಹೇಗೆ ಎಂದೆ. ಈಚೆಗೆ ಮದುವೆಮನೆಗಳಲ್ಲಿ ಧಾರೆಯ ಹೊತ್ತಿಗೆ ಎಲ್ಲರೂ ಎದ್ದು ಅಕ್ಷತೆ ಹಾಕಲು ಹೋದರೆ ಇವರು ಮಾತ್ರ ಕುರ್ಚಿ ಬಿಡುತ್ತಿರಲಿಲ್ಲ, ಅದು ನನಗೆ ನೆನಪಾಯಿತು. ಸ್ವಲ್ಪ ತೊಂದರೆ ಎಂದು ಹಾಕು ಎಂದರು, ಸಾಲ ಕೊಟ್ಟವರ ಹಾಗೆ.

ಕೊನೆಗೆ ಉಳಿದದ್ದು ಮೊದಲನೆಯ ಪ್ರಶ್ನೆ. ನಾನು ಬೇಕೆಂದೇ ಅದನ್ನು ಕೊನೆಗೆ ಇಟ್ಟಿದ್ದೆ. ಸಮತಟ್ಟಾದ ರಸ್ತೆಯಲ್ಲಿ ಕಾಲು ಗಂಟೆ ನಡೆಯುವುದು.

ತೊಂದರೆ ಇಲ್ಲ ಎಂದರು, ಗೋಡೆಯ ಕಡೆ ನೋಡುತ್ತಾ.

ನನಗೆ ಎಲ್ಲಿತ್ತೋ ಸಿಟ್ಟು, ಒಂದೇ ಸಲ ನೆತ್ತಿಗೇರಿತು. ಆದರೂ ಆಸ್ಪತ್ರೆ, ಅಕ್ಕಪಕ್ಕ ಜನ. ದನಿ ತಗ್ಗಿಸಿಯೇ ಕೇಳಿದೆ. “ಕಾಲಿಗೆ ತೊಂದರೆ ಇಲ್ಲ ಅಂದ್ರೆ ಮತ್ತೆ ವಾಕಿಂಗ್ ಯಾಕೆ ಬಿಟ್ರಿ? ನನ್ನ ಜೊತೆ ನಡೆಯೋಕೆ ಬೇಜಾರಾಗಿಯೇ ತಾನೇ? ಇವತ್ತು ಹೇಳಿಬಿಡಿ. ನೀವು ಹೇಳಿದ ಕಡೆ ನಾನು ಟಿಕ್ ಹಾಕ್ತೀನಿ. ತೊಂದರೆ ಇಲ್ಲ ಅಂದ್ರೆ, ತೊಂದರೆ ನಾನು ಅಂತ ಅರ್ಥ ಮಾಡ್ಕೋತೀನಿ.”

ಹೇಳುವಾಗಲೇ ನನ್ನ ಕಣ್ಣಲ್ಲಿ ನೀರು ಬಂತು. ಇವರು ತಿರುಗಿ ನೋಡಿದರು. ನಾನು ಇಂಥದ್ದೊಂದನ್ನು ಇಷ್ಟು ದಿನ ಒಳಗೆ ಇಟ್ಟುಕೊಂಡಿದ್ದೇನೆ ಎಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಫಾರಂ ತೊಡೆಯ ಮೇಲೆ ಇಟ್ಟುಕೊಂಡು, ನಿಧಾನವಾಗಿ, ಮೂರನೆಯ ಚೌಕದಲ್ಲಿ ಟಿಕ್ ಹಾಕಿದರು. ಬಹಳ ತೊಂದರೆ.

“ಕಾಲು ಕಣೇ,” ಎಂದರು. “ನೀನಲ್ಲ.”

ಆಮೇಲೆ ಒಂದೊಂದಾಗಿ ಹೇಳಿದರು. ವಾಕಿಂಗ್ ಹೋದಾಗ ದಿನಸಿ ಅಂಗಡಿಯ ತಿರುವು ಬರುವಷ್ಟರಲ್ಲಿ ಸೊಂಟದಿಂದ ಕೆಳಗೆ ಜೋಮು ಹಿಡಿಯುತ್ತಿತ್ತಂತೆ. ಕಾಲು ನೆನೆದ ಗೋಣಿಚೀಲದ ಹಾಗೆ ಭಾರವಾಗುತ್ತಿತ್ತಂತೆ. ಎಲ್ಲಾದರೂ ಕೂತರೆ ಸರಿಹೋಗುತ್ತದೆ, ಆದರೆ ನಾನು ಪಕ್ಕದಲ್ಲಿ ಚಟಪಟ ಮಾತಾಡಿಕೊಂಡು ನಡೆಯುತ್ತಿರುವಾಗ ಕೂತುಕೊಳ್ಳುತ್ತೇನೆ ಎನ್ನಲು ನಾಚಿಕೆ. ನೀನೆಲ್ಲಿ ಗಾಬರಿಯಾಗಿ ಆಸ್ಪತ್ರೆಗೆ ಎಳೆಯುತ್ತೀಯೋ ಎಂದು ಭಯ ಎಂದರು. ಬೆಳಿಗ್ಗೆ ಹಾಲಿನ ಬೂತಿನ ಕಟ್ಟೆಯ ಮೇಲೆ ಕೂರುತ್ತಿದ್ದದ್ದೂ ಅದಕ್ಕೇ. ಮುಂದಕ್ಕೆ ಬಗ್ಗಿ ಕೂತರೆ ಕಾಲಿಗೆ ಬೇಗ ಜೀವ ಬರುತ್ತದಂತೆ.

ನನಗೆ ಒಂದು ಕಡೆ ಬಯ್ಯಬೇಕೆನ್ನಿಸಿತು, ಇನ್ನೊಂದು ಕಡೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗಂಡನಿಗೆ ಕಾಲಿನ ತೊಂದರೆ ಇದೆ ಎಂದು ಕೇಳಿ ನಿರಾಳವಾದ ಹೆಂಗಸು ದಾಸರಹಳ್ಳಿಯಲ್ಲಿ ನಾನೊಬ್ಬಳೇ ಇರಬೇಕು. ಆದರೆ ಇದ್ದದ್ದು ಹಾಗೆಯೇ, ಮುಚ್ಚಿಡುವುದೇಕೆ? ಬೆಂಚಿನ ಮೇಲೆ ಅವರ ಪಕ್ಕಕ್ಕೆ ಇನ್ನೂ ಸ್ವಲ್ಪ ಸರಿದು ಕೂತೆ. ಹಾಗಾದರೆ ಸೂಪರ್‌ಮಾರ್ಕೆಟ್ಟಿನಲ್ಲಿ ಅಷ್ಟು ಹೊತ್ತು ಹೇಗೆ ಸುತ್ತುತ್ತೀರಿ ಎಂದು ಕೇಳಿದೆ. ಅದೇ ನನಗೂ ಆಶ್ಚರ್ಯ, ಟ್ರಾಲಿ ಹಿಡಿದುಕೊಂಡರೆ ಏನೂ ಆಗುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ನಡೆಯುತ್ತೇನೆ, ಅಲ್ಲಾದರೂ ನಿನ್ನ ಜೊತೆ ಓಡಾಡಿದ ಹಾಗಾಗುತ್ತದೆ ಎಂದು ಕರೆಯುತ್ತಿದ್ದೆ ಎಂದರು. ಎಸಿ ಗಾಳಿಯ ಮೇಲೆ ನಾನು ಹೊರಿಸಿದ್ದ ಅಪವಾದವನ್ನು ಅಲ್ಲೇ ವಾಪಸ್ಸು ತೆಗೆದುಕೊಂಡೆ. ಟ್ರಾಲಿಯ ಸಂಗತಿಯನ್ನೂ ಫಾರಂನ ಅಂಚಿನಲ್ಲಿ ಬರೆದೆ.

ಹುಡುಗಿ ಎರಡನೆಯ ಫಾರಂ ಓದುತ್ತಾ ಹೋದಳು. ಅಂಚಿನಲ್ಲಿ ಬರೆದದ್ದನ್ನು ಎರಡು ಸಲ ಓದಿದಳು. ಅವಳ ಮುಖದಲ್ಲಿ ಗೊಂದಲ ಹೋಗಿ ಉತ್ಸಾಹ ಬಂತು. ಕೂತರೆ ಜೋಮು ಇಳಿಯುತ್ತದೆಯೇ, ಬಗ್ಗಿದರೆ ಹಾಯೆನ್ನಿಸುತ್ತದೆಯೇ, ಸೊಂಟ ಹಿಂದಕ್ಕೆ ಬಾಗಿಸಿದರೆ ಏನಾಗುತ್ತದೆ ಎಂದು ಒಂದೊಂದೇ ಕೇಳಿದಳು. ನೆಟ್ಟಗೆ ನಿಲ್ಲಿಸಿ ನೋಡಿದಳು. ಸ್ವಲ್ಪ ಹೊತ್ತಿಗೇ ಇವರು ಗೋಡೆ ಹಿಡಿದರು, ಈ ಸಲ ಗೋಡೆ ಹಿಡಿದೆ ಎಂದು ಬಾಯಿಬಿಟ್ಟೂ ಹೇಳಿದರು. ಅವಳು ಫಾರಂ ತೆಗೆದುಕೊಂಡು ಡಾಕ್ಟರ ಕೋಣೆಗೆ ಹೋಗಿ ಬಂದಳು. ತೊಂದರೆ ಮಂಡಿಯದಲ್ಲದೆ ಇರಬಹುದು, ಸೊಂಟದ್ದಿರಬಹುದು, ಸೊಂಟದ ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಹೇಳಿದರು ಎಂದಳು.

ಸ್ಕ್ಯಾನ್ ರಿಪೋರ್ಟು ಬರುವವರೆಗೆ ನಾವಿಬ್ಬರೂ ಮನೆಯಲ್ಲಿ ಸೊಂಟದ ಹೆಸರನ್ನೇ ಎತ್ತಲಿಲ್ಲ. ಸೊಂಟ ಅಂದರೆ ಮಂಡಿಗಿಂತ ದೊಡ್ಡದೇ ಏನೋ ಎಂಬ ಹೆದರಿಕೆ ಇಬ್ಬರಿಗೂ ಇತ್ತು. ನಾನು ಒಂದು ಬ್ಲೌಸಿನ ಎರಡು ತೋಳನ್ನೂ ಎಡಗಡೆಗೇ ಕತ್ತರಿಸಿಟ್ಟೆ. ರಿಪೋರ್ಟು ಬಂದ ದಿನ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ವಿವರಿಸಿದರು. ಬೆನ್ನುಮೂಳೆಯ ಕೆಳಭಾಗದಲ್ಲಿ ನರ ಹೋಗುವ ದಾರಿ ವಯಸ್ಸಿನಿಂದ ಕಿರಿದಾಗಿದೆ. ನೆಟ್ಟಗೆ ನಿಂತರೆ, ನಡೆದರೆ ನರ ಒತ್ತಿಕೊಂಡು ಕಾಲಿಗೆ ಜೋಮು ಬರುತ್ತದೆ. ಮುಂದಕ್ಕೆ ಬಗ್ಗಿದರೆ ದಾರಿ ಸ್ವಲ್ಪ ಬಿಡುತ್ತದೆ, ಅದಕ್ಕೇ ಟ್ರಾಲಿ ಹಿಡಿದಾಗ ಸುಖ. ಮಂಡಿ ಸವೆದಿರುವುದು ನಿಜ, ಆದರೆ ಈ ವಯಸ್ಸಿಗೆ ಸವೆಯುವಷ್ಟೇ ಸವೆದಿದೆ, ಇವರನ್ನು ಮೆಟ್ಟಿಲ ಮೇಲೆ ಕೂರಿಸಿದ್ದು ಅದಲ್ಲ. ಮಂಡಿಗೆ ಆಪರೇಷನ್ ಬೇಡ. ಸೊಂಟಕ್ಕೂ ಈಗ ಬೇಡ, ವ್ಯಾಯಾಮ ಮಾಡಿ, ಬಹಳ ಜನ ಇದರಲ್ಲೇ ಸುಧಾರಿಸುತ್ತಾರೆ. ಕಾಲಿನ ಬಲ ಕಮ್ಮಿಯಾದರೆ ಅಥವಾ ಮೂತ್ರಕ್ಕೆ ತೊಂದರೆಯಾದರೆ ಮಾತ್ರ ತಡಮಾಡದೆ ಬನ್ನಿ ಎಂದರು. ಬಂದು ಏನೂ ಇಲ್ಲ ಎನ್ನಬೇಡಿ ಎಂದೂ ಸೇರಿಸಿದರು. ಆ ಹುಡುಗಿ ನಮ್ಮವರ ಮೊದಲನೆಯ ಫಾರಂ ಕತೆಯನ್ನು ಅವರಿಗೆ ಹೇಳಿದ್ದಳು ಎಂದು ಕಾಣುತ್ತದೆ.

ಹೋದ ಜೀವ ಬಂದಂತಾಯಿತು. ಆಸ್ಪತ್ರೆಯಿಂದ ಹೊರಗೆ ಬಂದವರೇ ನೇರ ಎದುರಿನ ದರ್ಶಿನಿಗೆ ನುಗ್ಗಿದೆವು. ಅಲ್ಲಿ ನಿಂತು ತಿನ್ನುವ ಟೇಬಲ್ಲುಗಳೇ ಹೆಚ್ಚು. ಇವರು ಒಂದು ಟೇಬಲ್ಲಿನ ಹತ್ತಿರ ನಿಂತು, ಆಮೇಲೆ ನನ್ನನ್ನು ನೋಡಿ, ನನಗೆ ನಿಲ್ಲಲು ಆಗುವುದಿಲ್ಲ, ಒಳಗೆ ಕೂರುವ ಜಾಗ ನೋಡೋಣ ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಆಗುವುದಿಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಇಬ್ಬರೂ ಕೂತು ಮಸಾಲೆ ದೋಸೆ ತಿಂದೆವು. ನನ್ನದು ಮುಗಿದ ಮೇಲೆ ಅವರದರಲ್ಲೂ ಅರ್ಧ ತಿಂದೆ, ಅಷ್ಟು ಹಸಿವಾಗಿತ್ತು.

ಈಗ ಬೆಳಿಗ್ಗೆ ಚಾಪೆ ಹಾಸಿಕೊಂಡು ಮಂಡಿಯನ್ನು ಎದೆಗೆ ಎಳೆದುಕೊಳ್ಳುವ ವ್ಯಾಯಾಮ ಮಾಡುತ್ತಾರೆ. ಕಾರ್ಖಾನೆಯ ಶಿಸ್ತು ಈ ವಿಷಯದಲ್ಲಿ ಉಪಯೋಗಕ್ಕೆ ಬಂದಿದೆ, ಒಂದು ದಿನವೂ ತಪ್ಪಿಸುವುದಿಲ್ಲ. ಜೋಮು ಪೂರ್ತಿ ಹೋಗಿಲ್ಲ, ಆದರೆ ಮೊದಲಿಗಿಂತ ದೂರ ಹೋದಮೇಲೆ ಬರುತ್ತದೆ. ಸಂಜೆ ವಾಕಿಂಗಿಗೆ ಏನು ಮಾಡುವುದು ಎಂದು ಯೋಚಿಸುತ್ತಿದ್ದೆವು. ಕೋಲು ಹಿಡಿಯಲು ಅವರು ಒಪ್ಪಲಿಲ್ಲ, ಸೂಪರ್‌ಮಾರ್ಕೆಟ್ಟಿನ ಟ್ರಾಲಿಯನ್ನು ರಸ್ತೆಗೆ ಕೊಡುವುದಿಲ್ಲ. ಕೊನೆಗೆ ಅವರೇ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿದ್ದ ಹಳೆಯ ಸೈಕಲ್ಲನ್ನು ಹೊರಗೆ ತೆಗೆದರು. ಅದು ಅವರು ಕಾರ್ಖಾನೆಗೆ ತುಳಿದುಕೊಂಡು ಹೋಗುತ್ತಿದ್ದ ಸೈಕಲ್ಲು. ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಹ್ಯಾಂಡಲ್ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿ ತಳ್ಳಿಕೊಂಡು ಅಂಗಳದಲ್ಲಿ ಒಂದು ಸುತ್ತು ಬಂದರು. ಫಿಸಿಯೋ ಹುಡುಗಿಯನ್ನು ಕೇಳಿದೆವು, ನಕ್ಕುಬಿಟ್ಟಳು, ಧಾರಾಳವಾಗಿ ಹೋಗಿ ಎಂದಳು.

ಹಾಗಾಗಿ ಈಗ ದಿನವೂ ಸಂಜೆ ನಾವು ಮೂವರು ಹೊರಡುತ್ತೇವೆ, ಅವರು, ನಾನು, ನಡುವೆ ಸೈಕಲ್ಲು. ಹ್ಯಾಂಡಲಿಗೆ ನನ್ನ ತರಕಾರಿ ಚೀಲ. ಮಾತೆಲ್ಲ ನನ್ನದೇ. ಹೊರಟ ಮೊದಲನೆಯ ದಿನ ದಿನಸಿ ಅಂಗಡಿಯ ತಿರುವಿನ ಹತ್ತಿರ ನಾನು ಮಾತು ಅರ್ಧಕ್ಕೆ ನಿಲ್ಲಿಸಿ ಅವರ ಕಾಲನ್ನೇ ನೋಡತೊಡಗಿದೆ. ಅಂಗಡಿಯವನು ಇವರನ್ನು ಬಹಳ ದಿನದ ಮೇಲೆ ಕಂಡವನು ಕೂಗಿ ಕೇಳಿದ. “ಏನ್ ಸಾರ್, ಸೈಕಲ್ ತಳ್ಕೊಂಡು ಹೋಗ್ತಿದೀರ, ಪಂಕ್ಚರ್ರಾ?”

ಹಳೆಯ ಉತ್ತರ ಅವರ ನಾಲಗೆಯ ತುದಿಯವರೆಗೆ ಬಂದದ್ದು ನನಗೆ ಕಂಡಿತು. ಅವರು ಸೈಕಲ್ ನಿಲ್ಲಿಸಿದರು.

“ಇಲ್ಲಪ್ಪ, ಸೈಕಲ್ ಚೆನ್ನಾಗಿದೆ,” ಎಂದರು. “ತೊಂದರೆ ಇರೋದು ನನ್ನ ಕಾಲಿಗೆ. ನಿನ್ನ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತ್ಕೋತೀನಿ.”

ಅಂಗಡಿಯವನು ಕಟ್ಟೆಯ ಮೇಲಿನ ಈರುಳ್ಳಿ ಮೂಟೆ ಸರಿಸಿ ಜಾಗ ಮಾಡಿಕೊಟ್ಟ. ಇವರು ಮುಂದಕ್ಕೆ ಬಗ್ಗಿ ಕೂತರು. ನಾನೂ ಪಕ್ಕದಲ್ಲಿ ಕೂತು, ಅರ್ಧಕ್ಕೆ ನಿಲ್ಲಿಸಿದ್ದ ಮಾತನ್ನು ಮುಂದುವರಿಸಿದೆ. ಅವರು ಹೂಂ ಎಂದರು.